ನಿಧಾನವಾಗಿ ಕರೆಂಟು ಕೊಡಿ

ಯೌವನಸ್ಥರ ಕೂಟದ ಸಂದೇಶ
ವಾಕ್ಯಭಾಗ: 1 ಅರಸುಗಳು 19:1–18

ಇಲ್ಲಿ ಚಾಮರಾಜನಗರದಲ್ಲಿ ನಮ್ಮ ಜೊತೆ ಕೂತಿರೋರಿಗೂ, ಮೈಸೂರು, ಬೆಂಗಳೂರಿನ ಪಿಜಿ ರೂಮುಗಳಲ್ಲಿ ಕೂತು ಆಮೇಲೆ ಇದನ್ನು ಓದೋರಿಗೂ ದೇವರ ಶಾಂತಿ ಇರಲಿ. ಎಲ್ಲರೂ ಒಂದ್ಸಲ ದೇವರಿಗೆ ಸ್ತೋತ್ರ ಹೇಳಿ. ಹಲ್ಲೆಲೂಯಾ.

ಸತ್ಯವೇದ ತೆಗೆಯಿರಿ. ಒಂದನೇ ಅರಸುಗಳು, ಹತ್ತೊಂಬತ್ತನೇ ಅಧ್ಯಾಯ. ಎಲೀಯ ನಿಮಗೆಲ್ಲ ಗೊತ್ತು. ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಅವನು ಪ್ರಾರ್ಥಿಸಿದ, ಬೆಂಕಿ ಇಳಿಯಿತು. ಜನರೆಲ್ಲ ಬೋರಲು ಬಿದ್ದರು. ಮಳೆಯೂ ಬಂತು. ಅಂಥ ಮನುಷ್ಯ ಈ ಅಧ್ಯಾಯದಲ್ಲಿ ಏನು ಮಾಡ್ತಿದ್ದಾನೆ? ಈಜೆಬೆಲಳ ಒಂದು ಬೆದರಿಕೆಗೆ ಹೆದರಿ ಓಡ್ತಿದ್ದಾನೆ. ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟು, ಒಬ್ಬನೇ ಅಡವಿಗೆ ಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಅಂತ ಕೇಳ್ತಿದ್ದಾನೆ. ಆಮೇಲೆ ಮಲಗಿಬಿಡ್ತಾನೆ.

ಈಗ ನೋಡಿ, ದೇವರು ಮೊದಲು ಏನು ಮಾಡಿದರು? ದೂತನನ್ನು ಕಳಿಸಿ ಬೈದರಾ? ಬೆಂಕಿ ಇಳಿಸಿದರಾ? ನಿನ್ನ ವಿಶ್ವಾಸ ಎಲ್ಲಿ ಹೋಯ್ತು ಅಂತ ಕೇಳಿದರಾ? ಯಾವುದೂ ಇಲ್ಲ. ದೂತ ಬಂದು ಮೈ ಮುಟ್ಟಿ ಎಬ್ಬಿಸಿದ. ಬಿಸಿ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ಅದಕ್ಕೂ ಬೈಯಲಿಲ್ಲ! ಎರಡನೇ ಸಲ ಎಬ್ಬಿಸಿ ಮತ್ತೆ ಊಟ. ಆಮೇಲೆ 40 ದಿನದ ನಡಿಗೆ. ಇಲ್ಲೇನು ಮಾಡ್ತಿದ್ದೀಯ ಅನ್ನೋ ಪ್ರಶ್ನೆ ಬಂದದ್ದು ಅಷ್ಟೆಲ್ಲ ಆದಮೇಲೆ, ಹೋರೇಬಿನ ಗವಿಯಲ್ಲಿ.

ದೇವರಿಗೆ ಯಾಕೆ ಇಷ್ಟು ನಿಧಾನ? ಮೊದಲ ದಿನವೇ ಎತ್ತಿ ನಿಲ್ಲಿಸಬಹುದಿತ್ತಲ್ಲ? ಇದಕ್ಕೆ ಉತ್ತರ ಹೇಳೋ ಮುಂಚೆ ನಿಮ್ಮನ್ನು ಒಂದು ಗುಜರಿ ಅಂಗಡಿಗೆ ಕರ್ಕೊಂಡು ಹೋಗ್ತೀನಿ. ನಗಬೇಡಿ, ವಾಕ್ಯಕ್ಕೇ ವಾಪಸ್ ಬರ್ತೀವಿ.

ನಿಮ್ಮಲ್ಲಿ ಕೆಲವರಿಗೆ ನನ್ನ ಹುಚ್ಚು ಗೊತ್ತು. ಹಳೇ ರೇಡಿಯೋ. ಅದರಲ್ಲೂ ಹ್ಯಾಮ್‌ಗಳು ಬಳಸುತ್ತಿದ್ದ ಹಳೇ ರಿಸೀವರ್‌ಗಳು. ಹ್ಯಾಮ್ ಅಂದ್ರೆ ಹವ್ಯಾಸಿ ರೇಡಿಯೋದವರು. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ತಮ್ಮದೇ ಕರೆಚಿಹ್ನೆ ಇಟ್ಟುಕೊಂಡು, ಮನೆಯಿಂದಲೇ ದೇಶವಿದೇಶದವರ ಜೊತೆ ಮಾತಾಡೋ ಜನ. ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂತೀರಾ? 2004ರ ಡಿಸೆಂಬರ್ 26ರಂದು ಸುನಾಮಿ ಬಂದು ಅಂಡಮಾನಿನ ಫೋನ್ ಸಂಪರ್ಕ ಕಡಿದುಹೋದಾಗ, ಪೋರ್ಟ್ ಬ್ಲೇರಿನಲ್ಲಿ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಇತ್ತು. ಅಲ್ಲಿದ್ದವರ ಸುದ್ದಿ ಹೊರಗಿನ ಮನೆಗಳಿಗೆ ತಲುಪಿಸೋಕೆ ಆ ರೇಡಿಯೋಗಳು ದುಡಿದವು.

ನಮ್ಮ ಕಡೆಗೂ ಇದರ ನಂಟು ಹಳೆಯದು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಎಂ.ವಿ. ಗೋಪಾಲಸ್ವಾಮಿ, ತಮ್ಮ ಮನೆಯಲ್ಲೇ 30 ವ್ಯಾಟಿನ ಒಂದು ಚಿಕ್ಕ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ‘ಆಕಾಶವಾಣಿ’ ಅನ್ನೋ ಹೆಸರು ಆ ಮನೆಯ ಸ್ಟೇಷನ್ನಿನಿಂದ ಬಂದದ್ದು. ಇಡೀ ದೇಶದ ರೇಡಿಯೋಗೆ ಆ ಹೆಸರು ಬಂದದ್ದು ಅದಾದ ಎಷ್ಟೋ ವರ್ಷಕ್ಕೆ.

ಅಮೆರಿಕದಲ್ಲಿ ಹ್ಯಾಮ್‌ಗಳಿಗೆ ದೊಡ್ಡ ದೊಡ್ಡ ಜಾತ್ರೆಗಳಿವೆ. ಓಹಾಯೋದ ಡೇಟನ್ ಹೆಸರಿನ ಜಾತ್ರೆ 1952ರಿಂದ ನಡೆಯುತ್ತಿದೆ. ಮೈದಾನದ ತುಂಬ ಹಳೇ ಸಾಮಾನು ಹರಡಿಕೊಂಡು ಕೂತಿರ್ತಾರೆ, ಕೊಡ್ತಾರೆ, ತಗೊಳ್ತಾರೆ. ನಮಗೆಲ್ಲಿದೆ ಅದು? ಬೆಂಗಳೂರಿನ ಸಂಡೇ ಬಜಾರಿಗೆ ಹೋಗೋಣ ಅಂದ್ರೆ ಭಾನುವಾರ ನನಗೆ ಬೇರೆ ಕೆಲಸ ಇದೆ, ನಿಮಗೆ ಗೊತ್ತು. ಹಾಗಾಗಿ ನನ್ನ ಜಾತ್ರೆ ಅಂದ್ರೆ ನಮ್ಮೂರಿನ ಗುಜರಿ ಅಂಗಡಿಗಳು, ಸಂತೆಗಳು, ಮುಖ್ಯವಾಗಿ ಗುಂಡ್ಲುಪೇಟೆ. ಊಟಿ ರಸ್ತೆ, ಕೇರಳದ ರಸ್ತೆ ಎರಡೂ ಕವಲೊಡೆಯೋದು ಅಲ್ಲೇ ಅಲ್ವಾ. ಬೆಟ್ಟದ ಮೇಲಿನ ಹಳೇ ಬಂಗಲೆಗಳಲ್ಲಿ ಬೇಡವಾದ ಸಾಮಾನು ಕೆಲವೊಮ್ಮೆ ಇಳಿದು ಬಂದು ಅಲ್ಲಿ ಬೀಳುತ್ತೆ. ಒಡೆದ ಪಂಪ್‌ಸೆಟ್ಟು, ಸೈಕಲ್ ರಿಮ್ಮು, ತಾಮ್ರದ ಹಂಡೆ, ಅದರ ಅಡಿಯಲ್ಲಿ ಒಂದು ಕಪ್ಪು ಕಬ್ಬಿಣದ ಪೆಟ್ಟಿಗೆ. ಎರಡನೇ ಮಹಾಯುದ್ಧದ ಮೇಲೆ ಸೇನೆಯ ರೇಡಿಯೋಗಳು ಹಳೇ ಸಾಮಾನಾಗಿ ಮಾರುಕಟ್ಟೆಗೆ ಬಂದವು. ನಮ್ಮ ದೇಶದ ಎಷ್ಟೋ ಹ್ಯಾಮ್‌ಗಳು ಶುರು ಮಾಡಿದ್ದೇ ಅವುಗಳಿಂದ. ಬಿಸಿ-348 ಅಂತ ಒಂದಿದೆ, ಅಮೆರಿಕದ ಬಾಂಬರ್ ವಿಮಾನಗಳಲ್ಲಿ ಇರ್ತಿದ್ದ ರಿಸೀವರ್. ಅಂಥದ್ದು ಸಿಕ್ಕಿದ್ರೆ ನನ್ನಂಥವನಿಗೆ ಹಬ್ಬ. ಇನ್ನೂ ಸಿಕ್ಕಿಲ್ಲ, ಪ್ರಾರ್ಥನೆಯಲ್ಲಿಡಿ!

ಗುಜರಿಯವನಿಗೆ ಅದು ಏನು? ತೂಕ. ಕಬ್ಬಿಣ ಇಷ್ಟು ಕೆಜಿ, ಟ್ರಾನ್ಸ್‌ಫಾರ್ಮರ್ ಬಿಚ್ಚಿದ್ರೆ ತಾಮ್ರ ಇಷ್ಟು. ಅವನದು ತಪ್ಪಲ್ಲ, ಅವನ ಹೊಟ್ಟೆಪಾಡು. ಹುಡುಕೋಕೆ ಹೋದವನು ಮಾತ್ರ ಬೇರೆ ಥರ ನೋಡಬೇಕು. ಹೇಗೆ ನೋಡಬೇಕು ಅಂತ ನನಗೆ ಕಲಿಸಿದವರು ಮೈಸೂರಿನ ಒಬ್ಬ ಹಿರಿಯ ಹ್ಯಾಮ್. ಅವರು ಮೂರು ಮಾತು ಹೇಳಿಕೊಟ್ಟರು. ಆ ಮೂರರಲ್ಲೂ ನನಗೆ ಹೋರೇಬಿನ ದಾರಿ ಕಾಣಿಸ್ತು. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲನೇದು: ಧೂಳು ನೋಡಿ ಬಿಟ್ಟು ಹೋಗಬೇಡ.

ಒಳಗೆ ಧೂಳು ದಪ್ಪಗೆ ಕೂತಿದ್ರೆ ಸಾರ್ ಖುಷಿಪಡ್ತಾರೆ. ಯಾಕೆ ಗೊತ್ತಾ? ಧೂಳು ಕೂತಿದೆ ಅಂದ್ರೆ ಒಳಗೆ ಯಾರೂ ಕೈ ಹಾಕಿಲ್ಲ. ಹೊರಗೆ ಹೊಸ ಪೇಂಟ್ ಹೊಡೆದು ಪಳಪಳ ಹೊಳೆಯೋ ಸೆಟ್ಟಿಗಿಂತ, ಜೇಡರ ಬಲೆ ಕಟ್ಟಿರೋ ಸೆಟ್ಟಿನಲ್ಲೇ ಎಲ್ಲಾ ಮೂಲ ಭಾಗಗಳು ಉಳಿದಿರೋದು. ಕೆಟ್ಟಿರೋದು ಬೇರೆ, ಸುಮ್ಮನೆ ನಿಂತಿರೋದು ಬೇರೆ.

ಪ್ರಿಯರೇ, ನಮ್ಮ ನಡುವಿನಿಂದ ಹೋದವರ ಬಗ್ಗೆ ನಾವು ಎಷ್ಟು ಬೇಗ ತೀರ್ಪು ಕೊಡ್ತೀವಿ! ‘ಅವನು ಮುಗಿದ, ಹಿಂಜಾರಿಬಿಟ್ಟ.’ ಭಾನುವಾರದ ಸಂಡೇ ಸ್ಕೂಲಿನಲ್ಲಿ ಬೆಳೆದ ಹುಡುಗ, ಬೆಂಗಳೂರಿಗೆ ಹೋದ, ಶಿಫ್ಟ್ ಕೆಲಸ, ಸಭೆ ತಪ್ಪಿತು, ಬೈಬಲ್ ಆ್ಯಪ್ ಮೊಬೈಲಲ್ಲಿ ಇದೆ, ತೆಗೆದು ವರ್ಷವಾಯ್ತು. ಧೂಳು ಕೂತಿದೆ, ನಿಜ. ಆದರೆ ಒಳಗೆ ಇಟ್ಟವರು ಯಾರು? ದೇವರೇ ಇಟ್ಟದ್ದು ಅಲ್ಲೇ ಇದೆ. ಎಲೀಯ ಗಿಡದ ಕೆಳಗೆ ಮಲಗಿದ್ದಾಗಲೂ ಪ್ರವಾದಿಯೇ. ದೇವರು ಅವನನ್ನು ತೂಕಕ್ಕೆ ಹಾಕಲಿಲ್ಲ. ಆಮೆನ್ ಅನ್ನಿ.

ಎರಡನೇದು: ಸಂತೆಯಲ್ಲಿ ಪ್ಲಗ್ ಹಾಕೋಕೆ ಬಿಡಬೇಡ.

ಇದು ಬಹಳ ಮುಖ್ಯ, ಗಮನ ಇಟ್ಟು ಕೇಳಿ. ಗುಂಡ್ಲುಪೇಟೆಯಲ್ಲಿ ಒಂದು ಸೆಟ್ಟಿನ ಮುಂದೆ ನಾವು ನಿಂತಿದ್ದೀವಿ. ಅಂಗಡಿಯವನಿಗೆ ಉತ್ಸಾಹ. ‘ತಾಳಿ ಸಾ, ಹಾಕ್ ತೋರುಸ್ತೀನಿ, ಹಾಡ್ತದೆ’ ಅಂತ ವೈರು ಎತ್ತಿಕೊಂಡು ಗೋಡೆಯ ಸಾಕೆಟ್ ಕಡೆ ಹೊರಟ. ಸಾರ್ ಅವನ ಕೈ ಹಿಡ್ಕೊಂಡ್ರು. ‘ಬೇಡಪ್ಪಾ, ಹಾಡದಿದ್ರೂ ಪರವಾಗಿಲ್ಲ, ಹಾಗೇ ಕೊಡು.’ ಅವನಿಗೆ ಆಶ್ಚರ್ಯ. ಓಡುತ್ತಾ ಅಂತ ಕೇಳದೆ ದುಡ್ಡು ಕೊಡೋ ಗಿರಾಕಿ ಎಲ್ಲಿ ಸಿಗ್ತಾನೆ?

ಕಾರಣ ಇದು. ಆ ಸೆಟ್ಟಿನ ಒಳಗೆ ಕಂಡೆನ್ಸರ್‌ಗಳಿವೆ. ಅವುಗಳ ಒಳಗೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ. ಕರೆಂಟನ್ನು ತಡೆದುಕೊಳ್ಳೋದು ಆ ಪೊರೆ. ಸೆಟ್ಟು ದಿನಾ ಓಡ್ತಿದ್ರೆ ಪೊರೆ ಗಟ್ಟಿಯಾಗಿರುತ್ತೆ. ಇಪ್ಪತ್ತು, ಮೂವತ್ತು ವರ್ಷ ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ರೆ ಪೊರೆ ಸವೆದುಹೋಗುತ್ತೆ. ಅಂಥದ್ದಕ್ಕೆ ಒಮ್ಮೆಲೆ 230 ವೋಲ್ಟ್ ಕೊಟ್ರೆ? ಬಿಸಿಯಾಗಿ ಉಬ್ಬುತ್ತೆ, ಸಿಡಿಯುತ್ತೆ, ಜೊತೆಗೆ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಸುಟ್ಟು ಹಾಕುತ್ತೆ. ಎರಡು ನಿಮಿಷ ಹಾಡುತ್ತೆ, ಆಮೇಲೆ ಹೊಗೆ. ಅಷ್ಟು ವರ್ಷ ಇಲಿ, ಮಳೆ, ತುಕ್ಕು ಎಲ್ಲ ತಡೆದುಕೊಂಡು ಉಳಿದದ್ದು, ನೋಡೋಣ ಓಡುತ್ತಾ ಅನ್ನೋ ಒಂದು ಆತುರಕ್ಕೆ ಸಾಯುತ್ತೆ.

ಕರೆಂಟು ಕೆಟ್ಟದ್ದಾ? ಅಲ್ಲ. ಸೆಟ್ಟು ಮಾಡಿರೋದೇ ಅದಕ್ಕೆ. ಇನ್ನೊಂದು ವಿಷಯ ಕೇಳಿ: ಅದೇ ಕರೆಂಟನ್ನು ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಏರಿಸ್ತಾ ಕೊಟ್ರೆ, ಎಷ್ಟೋ ಸಲ ಸವೆದ ಪೊರೆ ಮತ್ತೆ ಕಟ್ಟಿಕೊಳ್ಳುತ್ತೆ. ಆತುರದಲ್ಲಿ ಕೊಟ್ಟರೆ ಸುಡುವಂಥದ್ದೇ ತಾಳ್ಮೆಯಿಂದ ಕೊಟ್ಟರೆ ವಾಸಿ ಮಾಡುತ್ತೆ. ಪೂರ್ತಿ ಒಣಗಿದ್ದನ್ನು ಬದಲಾಯಿಸಲೇಬೇಕು, ಅದೂ ಇದೆ. ಮನೆಯಲ್ಲಿ ನೀವೇ ಬಿಚ್ಚೋಕೆ ಹೋಗಬೇಡಿ, ಒಳಗೆ ಇರೋ ವೋಲ್ಟೇಜ್ ಪ್ರಾಣ ತೆಗೆಯುತ್ತೆ.

ಈಗ ಗೊತ್ತಾಯ್ತಾ ದೇವರು ಯಾಕೆ ರೊಟ್ಟಿಯಿಂದ ಶುರು ಮಾಡಿದರು ಅಂತ? ಕರ್ಮೆಲಿನಲ್ಲಿ ಬೆಂಕಿ ಇಳಿಸಿದ ದೇವರಿಗೆ ಗಿಡದ ಕೆಳಗೆ ಬೆಂಕಿ ಇಳಿಸೋದು ಕಷ್ಟವಾ? ಹೋರೇಬಿನಲ್ಲೂ ನೋಡಿ. ಗಾಳಿ ಬಂತು, ಭೂಕಂಪ ಬಂತು, ಬೆಂಕಿಯೂ ಬಂತು. ಕರ್ತನು ಅವುಗಳಲ್ಲಿ ಇರಲಿಲ್ಲ ಅಂತ ಸತ್ಯವೇದ ಹೇಳುತ್ತೆ. ಆಮೇಲೆ ಒಂದು ಮೆಲುವಾದ ಶಬ್ದ. ಅದಕ್ಕೆ ಎಲೀಯ ಮುಖ ಮುಚ್ಚಿಕೊಂಡು ಗವಿಯ ಬಾಗಿಲಿಗೆ ಬಂದ.

ಒಬ್ಬ ಸಹೋದರನ ವಿಷಯ ಹೇಳ್ತೀನಿ. ಅವನನ್ನು ಕೇಳಿಯೇ ಹೇಳ್ತಿದ್ದೀನಿ. ಈ ಕಡೆಯ ಹುಡುಗ, ಬೆಂಗಳೂರಲ್ಲಿ ಕೆಲಸ. ನಾಲ್ಕು ವರ್ಷ ಸಭೆ ಬಿಟ್ಟಿದ್ದ. ಕುಡಿತ ಇತ್ತು, ಸಾಲ ಇತ್ತು. ಒಂದು ರಾತ್ರಿ ಅವನಿಗೇ ಸಾಕಾಯ್ತು, ಭಾನುವಾರ ಎದ್ದು ಹತ್ತಿರದ ಒಂದು ಸಭೆಗೆ ಹೋಗಿ ಹಿಂದಿನ ಸಾಲಲ್ಲಿ ಕೂತ. ಹೆಸರು ಬೇಡ. ಆರಾಧನೆ ಮುಗಿಯೋಷ್ಟರಲ್ಲಿ ಇವನು ಅಳ್ತಿರೋದು ಯಾರೋ ನೋಡಿದ್ರು. ಮುಂದಕ್ಕೆ ಕರೆದು ಕೈಗೆ ಮೈಕ್ ಕೊಟ್ರು. ಸಾಕ್ಷಿ ಹೇಳಪ್ಪಾ! ಅವನು ಎಲ್ಲಾ ಹೇಳಿಬಿಟ್ಟ. ಚಪ್ಪಾಳೆ, ಹಲ್ಲೆಲೂಯಾ. ಮುಂದಿನ ವಾರ ಮೂರು ದಿನ ಉಪವಾಸ ಅಂದ್ರು, ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ರು, ಯೌವನಸ್ಥರ ಕೂಟದಲ್ಲಿ ಮಾತಾಡು ಅಂದ್ರು. ಅಷ್ಟರಲ್ಲಿ ಆ ಸಾಕ್ಷಿಯ ವಿಡಿಯೋ ಊರಿಗೆ ಬಂದು ಅವನ ಅಮ್ಮನ ಫೋನಲ್ಲಿ ಓಡ್ತಿತ್ತು. ಮಗ ಕುಡೀತಿದ್ದದ್ದು ಆ ತಾಯಿಗೆ ಗೊತ್ತೇ ಇರಲಿಲ್ಲ. ಮೂರನೇ ವಾರ ಅವನು ಫೋನ್ ಆಫ್ ಮಾಡಿದ. ಮತ್ತೆ ಒಂದೂವರೆ ವರ್ಷ ಎಲ್ಲಿಗೂ ಹೋಗಲಿಲ್ಲ.

ಆ ಜನ ಕೆಟ್ಟವರಲ್ಲ. ಅವರಿಗೆ ಅವನ ಮೇಲೆ ಪ್ರೀತಿಯೇ ಇತ್ತು. ಅವರು ಕೊಟ್ಟದ್ದೂ ಕೆಟ್ಟದ್ದಲ್ಲ. ಸಾಕ್ಷಿ ಒಳ್ಳೆಯದು, ಉಪವಾಸ ಒಳ್ಳೆಯದು, ಸೇವೆ ಒಳ್ಳೆಯದು. ಆದರೆ ಮೊದಲ ದಿನವೇ 230 ವೋಲ್ಟ್! ನಾವು ಪೆಂತೆಕೋಸ್ತರು, ಬೆಂಕಿ ಅಂದ್ರೆ ನಮಗೆ ಪ್ರಾಣ. ಅದಕ್ಕೇ ನಾವೇ ಹೆಚ್ಚು ಎಚ್ಚರವಾಗಿರಬೇಕು. ಬಂದವನು ಓಡ್ತಾನಾ ಅಂತ ನೋಡೋ ಆಸೆಗೆ ಪ್ಲಗ್ ಹಾಕಬಾರದು.

ಮೂರನೇದು: ಮಧ್ಯೆ ಒಂದು ಬಲ್ಬು ಇರಲಿ.

ಹಳೇ ರೇಡಿಯೋ ಮೆಕ್ಯಾನಿಕ್ಕುಗಳ ಅಂಗಡಿ ನೋಡಿದ್ದೀರಾ? ಗೋಡೆ ಮೇಲೆ ಒಂದು ಹಲಗೆ, ಅದರಲ್ಲಿ ಒಂದು ಹೋಲ್ಡರ್, ಒಂದು ಬಲ್ಬು, ಪಕ್ಕದಲ್ಲಿ ಸಾಕೆಟ್. ಸೀರೀಸ್ ಬೋರ್ಡ್ ಅಂತಾರೆ. ಗೋಡೆಯಿಂದ ಬಂದ ಕರೆಂಟು ಮೊದಲು ಬಲ್ಬಿನೊಳಗೆ ಹಾದು ಆಮೇಲೆ ಸೆಟ್ಟಿಗೆ ಹೋಗುತ್ತೆ. ಸೆಟ್ಟಿನೊಳಗೆ ಎಲ್ಲಾದರೂ ಶಾರ್ಟ್ ಇದ್ರೆ ಏನಾಗುತ್ತೆ? ಬಲ್ಬು ಧಗ್ಗಂತ ಪೂರ್ತಿ ಉರಿಯುತ್ತೆ, ಸೆಟ್ಟು ತಣ್ಣಗೆ ಉಳಿಯುತ್ತೆ. ಸೆಟ್ಟನ್ನು ಸುಡಬೇಕಾದ ಕರೆಂಟನ್ನು ಬಲ್ಬು ತಾನು ಹೊತ್ತುಕೊಳ್ಳುತ್ತೆ. ಎಲ್ಲ ಸರಿಯಿದ್ರೆ ಬಲ್ಬು ತನ್ನಷ್ಟಕ್ಕೆ ಮಂಕಾಗುತ್ತೆ. ಮೊದಲು 40 ವ್ಯಾಟ್ ಬಲ್ಬು, ಆಮೇಲೆ 60, ಆಮೇಲೆ 100. ಬಲ್ಬು ದೊಡ್ಡದಾದಷ್ಟೂ ಸೆಟ್ಟಿಗೆ ಹೋಗೋ ವೋಲ್ಟೇಜ್ ಹೆಚ್ಚು. ಕೊನೆಗೆ ಒಂದು ದಿನ ಬಲ್ಬನ್ನೇ ತೆಗೆದು ನೇರ ಕೊಡೋದು.

ಇದಕ್ಕೆ ಈಗಿನ ಎಲ್‌ಇಡಿ ಬಲ್ಬು ಆಗಲ್ಲ. ಒಳಗೆ ತಂತಿ ಇರೋ ಹಳೇ ಬಲ್ಬೇ ಬೇಕು, ತಾನು ಕಾದು ಕೆಂಪಾಗೋ ಅಂಥದ್ದು. ತಾನು ಕಾಯದೆ ಇನ್ನೊಬ್ಬರ ಭಾರ ಹೊರೋಕೆ ಆಗಲ್ಲ.

ದೇವಜನರೇ, ಇದನ್ನು ಹೇಳುವಾಗ ನನಗೆ ಶಿಲುಬೆ ಕಾಣುತ್ತೆ. ನಮ್ಮೊಳಗೆ ಶಾರ್ಟ್ ಇತ್ತು. ನಮ್ಮ ಮೇಲೆ ಬರಬೇಕಾದದ್ದು ನೇರವಾಗಿ ಬಂದಿದ್ರೆ ನಾವ್ಯಾರೂ ಉಳಿತಿರಲಿಲ್ಲ. ಒಬ್ಬಾತ ಮಧ್ಯೆ ನಿಂತ. ಆತ ಉರಿದ, ನಾವು ಉಳಿದೆವು. ಸ್ತೋತ್ರ! ಆತನ ಬಗ್ಗೆಯೇ ಯೆಶಾಯ 42ರಲ್ಲಿ, ಮತ್ತಾಯ 12ರಲ್ಲಿ ಬರೆದಿದೆ: ಬಗ್ಗಿಹೋದ ಜೊಂಡನ್ನು ಆತ ಲಟಕ್ಕನೆ ಮುರಿಯೋನಲ್ಲ, ಹೊಗೆಯಾಡ್ತಿರೋ ಬತ್ತಿಯನ್ನು ಊದಿ ಆರಿಸೋನಲ್ಲ ಅನ್ನೋ ಅರ್ಥದ ಮಾತು. ಯಾಯೀರನ ಮಗಳನ್ನು ಎಬ್ಬಿಸಿದ ಮೇಲೆ ಯೇಸು ಹೇಳಿದ್ದೇನು? ಸಾಕ್ಷಿ ಹೇಳಿಸಿ ಅಂತಲ್ಲ. ಯಾರಿಗೂ ತಿಳಿಸಬೇಡಿ, ಮಗುವಿಗೆ ಊಟಕ್ಕೆ ಕೊಡಿ ಅಂತ. ಮಾರ್ಕ 5, ಕೊನೆಯ ವಚನ, ಮನೆಗೆ ಹೋಗಿ ಓದಿ.

ಆ ಸಹೋದರನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದೂವರೆ ವರ್ಷದ ಮೇಲೆ ಊರಿಗೆ ಬಂದಾಗ ಅಮ್ಮನ ಬಲವಂತಕ್ಕೆ ಒಂದು ಮನೆ ಪ್ರಾರ್ಥನೆಗೆ ಬಂದ. ಅಲ್ಲಿ ಒಬ್ಬ ಅಕ್ಕ ಇದ್ದಾರೆ, ಓದು ಕಡಿಮೆ, ಹೂವು ಕಟ್ಟಿ ಮಾರ್ತಾರೆ. ಅವರು ಇವನಿಗೆ ಕಾಫಿ ಕೊಟ್ರು, ಪಕ್ಕದಲ್ಲಿ ಕೂತ್ರು, ಅಷ್ಟೇ. ಯಾರೋ ಹಿರಿಯರು ‘ಎಲ್ಲಪ್ಪಾ ಇಷ್ಟು ದಿನ?’ ಅಂತ ಶುರು ಮಾಡಿದ್ರೆ, ಅಕ್ಕ ಅಡ್ಡ ಬಂದು ‘ಮೊದ್ಲು ಹುಡುಗ ಒಂದು ತುತ್ತು ಉಣ್ಲಿ ಬುಡಿ ಅಣ್ಣ’ ಅಂದ್ರು. ಆ ಹಿರಿಯರಿಗೆ ಸಿಟ್ಟು ಬಂತು. ಸಿಟ್ಟನ್ನು ಅಕ್ಕ ತಗೊಂಡ್ರು, ಹುಡುಗನಿಗೆ ತಾಗೋಕೆ ಬಿಡಲಿಲ್ಲ. ಮುಂದಿನ ಸಲವೂ ಕಾಫಿ. ಅದರ ಮುಂದಿನ ಸಲ ಅವನೇ ಬಾಯಿ ಬಿಟ್ಟು, ಅಕ್ಕ ನನಗೋಸ್ಕರ ಪ್ರಾರ್ಥನೆ ಮಾಡಿ ಅಂದ. ಅಕ್ಕನಿಗೆ ರೇಡಿಯೋ ಗೊತ್ತಿಲ್ಲ. ಆದರೆ ಅವರೇ ಆ ಬಲ್ಬು.

ಯಾರಾದ್ರೂ ಕೇಳಬಹುದು: ಪಾಸ್ಟರ್, ಹಾಗಾದ್ರೆ ಎಲ್ಲರನ್ನೂ ಮೆತ್ತಗೆ ಬಿಟ್ಟುಬಿಡೋದಾ? ಪಶ್ಚಾತ್ತಾಪ ಬೇಡವಾ? ಅಭಿಷೇಕ ಬೇಡವಾ? ಬೇಕು, ಖಂಡಿತ ಬೇಕು! ಬಲ್ಬಿನ ಮೇಲೇ ಜೀವನಪೂರ್ತಿ ಓಡೋ ಸೆಟ್ಟು ವಾಸಿಯಾದ ಸೆಟ್ಟಲ್ಲ. ಪೇತ್ರನನ್ನು ನೋಡಿ. ಪಸ್ಕದ ಸಮಯದಲ್ಲಿ ಮೂರು ಸಲ ಗೊತ್ತಿಲ್ಲ ಅಂದವನು. ಕೆರೆಯ ದಡದಲ್ಲಿ ಯೇಸು ಮೊದಲು ಕೆಂಡದ ಮೇಲೆ ಮೀನು ಸುಟ್ಟು ಊಟ ಹಾಕಿದ, ಊಟ ಆದಮೇಲೆ ಪ್ರಶ್ನೆ ಕೇಳಿದ. ಪ್ರಶ್ನೆ ಕೇಳದೆ ಬಿಡಲಿಲ್ಲ, ನೋವಾಗೋ ಹಾಗೆ ಮೂರು ಸಲ ಕೇಳಿದ. ಆಮೇಲೆ ಯೆರೂಸಲೇಮಿನಲ್ಲಿ ಕಾದಿರಿ ಅಂದ. ಪಸ್ಕದಿಂದ ಸುಮಾರು 50 ದಿನಕ್ಕೆ ಬೆಂಕಿ ಇಳಿಯಿತು, ಅದೇ ಪೇತ್ರ ಎದ್ದು ನಿಂತ, 3000 ಜನ ಸೇರಿದರು. ಅದು ಪೂರ್ತಿ ವೋಲ್ಟೇಜ್! ಎಲೀಯನಿಗೂ ಹಾಗೇ. ಗವಿಯಿಂದ ಹೊರಟಾಗ ಕೈಯಲ್ಲಿ ಕೆಲಸ ಇತ್ತು, ಇಬ್ಬರು ಅರಸರನ್ನು ಅಭಿಷೇಕಿಸಬೇಕು, ಎಲೀಷನನ್ನು ಕರೆಯಬೇಕು. ನಾನೊಬ್ಬನೇ ಉಳಿದೆ ಅಂತಿದ್ದವನಿಗೆ ದೇವರು ಇನ್ನೂ 7000 ಜನ ಇದ್ದಾರೆ ಅಂತ ತೋರಿಸಿದರು.

ಹಾಗಾಗಿ ಈ ವಾರ ಮೂರು ಕೆಲಸ ಮಾಡಿ. ನಿಮ್ಮ ಕಾಂಟ್ಯಾಕ್ಟ್ ಲಿಸ್ಟಿನಲ್ಲಿ ಧೂಳು ಹಿಡಿದಿರೋ ಒಂದು ಹೆಸರು ಹುಡುಕಿ, ಸಭೆಗೆ ಯಾಕೆ ಬರ್ತಿಲ್ಲ ಅಂತ ಕೇಳದೆ ಬರೀ ಊಟ ಆಯ್ತಾ ಅಂತ ಕೇಳಿ. ವಾಪಸ್ ಬಂದವರ ಫೋಟೋ, ವಿಡಿಯೋ ತೆಗೆಯಬೇಡಿ, ಬೇರೆಯವರು ತೆಗೆದ್ರೂ ಹಂಚಬೇಡಿ. ಮೂರನೇದು, ಯಾರಾದ್ರೂ ಅವರನ್ನು ಪ್ರಶ್ನೆ ಮಾಡೋಕೆ ಬಂದ್ರೆ ಪಕ್ಕದಲ್ಲಿ ನಿಲ್ಲಿ, ಒಂದು ಮಾತು ನಿಮಗೆ ತಾಗಿದ್ರೆ ತಾಗಲಿ. ಗಲಾತ್ಯ 6ರಲ್ಲಿ ಒಬ್ಬರ ಭಾರ ಒಬ್ಬರು ಹೊರಬೇಕು ಅಂತ ಪೌಲ ಹೇಳೋದು ಇದನ್ನೇ.

ಇದನ್ನು ಓದ್ತಿರೋ ನೀನೇ ಆ ಮೂಲೆಯಲ್ಲಿ ಬಿದ್ದಿರೋ ಸೆಟ್ಟಾಗಿದ್ರೆ, ಒಂದು ಮಾತು. ನಿನ್ನಿಂದ ದೇವರು ಇವತ್ತೇ ಕರ್ಮೆಲ್ ಕೇಳ್ತಿಲ್ಲ. ಎದ್ದು ಊಟ ಮಾಡು. ಒಂದು ಕೀರ್ತನೆ ಓದು, ಒಂದೇ ಸಾಕು. ನಂಬಿಕೆ ಇರೋ ಒಬ್ಬರಿಗೆ ಫೋನ್ ಮಾಡು. ಸಾಯಬೇಕು ಅನ್ನೋ ಯೋಚನೆ ಬರ್ತಿದ್ರೆ ಒಬ್ಬನೇ ಇರಬೇಡ, ಇವತ್ತೇ ಯಾರಿಗಾದ್ರೂ ಹೇಳು, ಡಾಕ್ಟರ ಹತ್ತಿರವೂ ಹೋಗು. ಎಲೀಯನೂ ಅದೇ ಮಾತು ಆಡಿದ್ದ, ದೇವರು ಅವನನ್ನು ಬಿಡಲಿಲ್ಲ.

ಪ್ರಾರ್ಥಿಸೋಣ. ಕಣ್ಣು ಮುಚ್ಚಿರಿ.

ಪರಲೋಕದ ತಂದೆಯೇ, ನೀನು ನಮ್ಮ ಜೊತೆ ಆತುರ ಮಾಡಲಿಲ್ಲ, ಅದಕ್ಕಾಗಿ ಸ್ತೋತ್ರ. ದಣಿದು ಮಲಗಿರೋ ಮಕ್ಕಳನ್ನು ನಿನ್ನ ಕೈಯಿಂದ ಮುಟ್ಟು. ಅವರಿಗೆ ಬೇಕಾದ ರೊಟ್ಟಿ, ನೀರು, ನಿದ್ರೆ ಕೊಡು. ಅವರ ಪಕ್ಕದಲ್ಲಿ ಕೂರೋ ತಾಳ್ಮೆಯನ್ನು ನಮಗೆ ಕೊಡು. ತಕ್ಕ ಸಮಯದಲ್ಲಿ ನಿನ್ನ ಆತ್ಮನ ಪೂರ್ಣ ಬಲದಿಂದ ಅವರನ್ನು ಎಬ್ಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.